ಅವಿರೋಧ ಆಯ್ಕೆ

ಮೇಡಂ: ನಗಬೇಡ ಅಂದೆ! ಕ್ಲಾಸ್ ತುಂಬ ಹುಡುಗೀರು, ಮಧ್ಯ ಒಬ್ಬ ಹುಡುಗ. ಪ್ರತಿನಿಧಿ ಚುನಾವಣೆ ಮಾಡ್ಕೊಳ್ಳಿ ಅಂತ ನಿಮ್ಮನ್ನ ಬಿಟ್ಟು ನಾನು ಟೀ ಕುಡಿದು ಬರೋಷ್ಟರಲ್ಲಿ ಆ ಒಬ್ಬನನ್ನೇ ಹುಡುಕಿ ತೆಗೆದು ಗೆಲ್ಲಿಸಿದ್ದೀರಲ್ಲೇ!

ಲಾಯರಮ್ಮ: ಹುಡುಕೋ ಕಷ್ಟ ಇರ್ಲಿಲ್ಲ ಮೇಡಂ. ಎದ್ದು ಕಾಣ್ತಾನೆ.

ರಾಜ್ಯಶಾಸ್ತ್ರ ವಿಭಾಗದ ಮೇಲಿನ ಮಹಡಿ, ಮೂಲೆಯ ಕೋಣೆ. ಒಂದು ಮೇಜು, ಎರಡು ಕುರ್ಚಿ. ಉಳಿದ ಜಾಗವೆಲ್ಲ ಪುಸ್ತಕಗಳದ್ದು. ಮೇಜಿನ ಆಚೆ ಕೂತಿದ್ದ ಮೇಡಂ ಎಂ.ಎ. ತರಗತಿಗೆ ‘ಲಿಂಗತ್ವ ಮತ್ತು ರಾಜಕಾರಣ’ ಎಂಬ ಪೇಪರ್ ಕಲಿಸುವವರು. ಈಚೆ ನಿಂತಿದ್ದವಳು ಅದೇ ತರಗತಿಯ ವಿದ್ಯಾರ್ಥಿನಿ. ಯಾವ ವಾದವನ್ನೂ ಅರ್ಧಕ್ಕೆ ಬಿಟ್ಟವಳಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಲಾಯರಮ್ಮ. ಅವಳ ಹಿಂದೆ, ಬಾಗಿಲಿನ ಚೌಕಟ್ಟಿಗೆ ತಲೆ ತಾಗದಂತೆ ಕತ್ತು ಬಗ್ಗಿಸಿ ನಿಂತಿದ್ದವನು ಉದ್ದಣ್ಣ. ಚುನಾವಣೆಯಲ್ಲಿ ಗೆದ್ದವನು ಅವನೇ. ಮುಖ ಮಾತ್ರ ಸೋತವನದ್ದು.

ಮೇಡಂ: ಎದ್ದು ಕಾಣ್ತಾನೆ ಅಂತ ಪ್ರತಿನಿಧಿ ಮಾಡ್ತಾರಾ? ಹಾಗಾದ್ರೆ ಲೈಟ್ ಕಂಬಾನೂ ಎದ್ದು ಕಾಣುತ್ತೆ.

ಲಾಯರಮ್ಮ: ಲೈಟ್ ಕಂಬ ನಮ್ಮ ಪೇಪರ್ ತಗೊಂಡಿಲ್ಲ ಮೇಡಂ.

ಮೇಡಂ: ಎಷ್ಟು ವೋಟು ಬಂತು ಇವನಿಗೆ?

ಲಾಯರಮ್ಮ: ವೋಟಿನ ತನಕ ಹೋಗ್ಲೇ ಇಲ್ಲ. ಅವಿರೋಧ ಆಯ್ಕೆ.

ಮೇಡಂ: ಅವಿರೋಧ! ಕೇಳೋಕೆ ಎಷ್ಟು ಚೆನ್ನಾಗಿದೆ! ಅರ್ಧ ವರ್ಷದಿಂದ ಗಂಟಲು ಹರ್ಕೊಂಡು ನಾನು ಏನು ಪಾಠ ಮಾಡಿದೆ? ಅಧಿಕಾರದ ಕುರ್ಚಿ ಖಾಲಿಯಾದ್ರೆ ಅದು ತಾನಾಗೇ ಗಂಡಸಿನ ಕಡೆ ಜಾರುತ್ತೆ, ಯಾಕೆ ಜಾರುತ್ತೆ ಅಂತ ಯೋಚನೆ ಮಾಡಿ ಅಂದೆ. ನೀವು ಯೋಚನೆ ಮಾಡೋದು ಬಿಟ್ಟು ಕುರ್ಚಿ ಕಾಲಿಗೆ ಎಣ್ಣೆ ಹಚ್ಚಿದ್ರಿ.

ಉದ್ದಣ್ಣ: ಮೇಡಂ, ನಾನು...

ಮೇಡಂ: ನೀನು ಸ್ವಲ್ಪ ಸುಮ್ನಿರಪ್ಪಾ. ಗೆದ್ದವರು ಮೊದಲ ದಿನವೇ ಭಾಷಣ ಶುರು ಮಾಡಬಾರದು.

ಉದ್ದಣ್ಣ: ಭಾಷಣ ಅಲ್ಲ ಮೇಡಂ. ನಾನು ಅಲ್ಲಿ ಇರ್ಲೇ ಇಲ್ಲ.

ಮೇಡಂ: ಎಲ್ಲಿ?

ಉದ್ದಣ್ಣ: ಚುನಾವಣೇಲಿ. ಕ್ಯಾಂಟೀನಿಗೆ ಹೋಗಿದ್ದೆ. ವಾಪಸ್ ಬಂದಾಗ ಎಲ್ರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಬನ್ ತಂದಿದ್ದಕ್ಕೆ ಅಂದ್ಕೊಂಡು ಎಲ್ರಿಗೂ ಹಂಚಿದೆ.

ಮೇಡಂ: ಓಹೋ, ಮತದಾರರಿಗೆ ತಿಂಡಿ ಹಂಚಿಕೆ ಬೇರೆ!

ಲಾಯರಮ್ಮ: ಫಲಿತಾಂಶ ಬಂದ ಮೇಲೆ ಹಂಚಿದ್ದು ಮೇಡಂ. ಅದು ಅಕ್ರಮ ಆಗಲ್ಲ.

ಮೇಡಂ: ಅಭ್ಯರ್ಥಿಗೇ ಗೊತ್ತಿಲ್ಲದ ಹಾಗೆ ಅಭ್ಯರ್ಥಿ ಮಾಡಿದ್ದು ಅಕ್ರಮ ಅಲ್ವಾ?

ಲಾಯರಮ್ಮ: ಗೊತ್ತಾಗಿದ್ರೆ ಬೇಡ ಅಂತಿದ್ದ. ಆಗ ಆಯ್ಕೆ ಕಷ್ಟ ಆಗ್ತಿತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆ ವಿಷಯ ಗಂಭೀರ ಎಂದು ಇಡೀ ವಿಭಾಗಕ್ಕೆ ತಿಳಿದಿತ್ತು.

ಮೇಡಂ: ಕೇಳು ಇಲ್ಲಿ. ಇವತ್ತು ಮಧ್ಯಾಹ್ನ ವಿಭಾಗದ ಸಭೆ. ಅಲ್ಲಿ ತೀರ್ಮಾನ ಆಗೋದು ನಮ್ಮ ಪೇಪರ್ ಇರ್ಬೇಕೋ ಬೇಡ್ವೋ ಅಂತ. ಮುಂದಿನ ವರ್ಷದಿಂದ ಇದಕ್ಕೆ ಬೇರೆ ಪೇಪರ್ ಬೇಡ, ದೊಡ್ಡ ಪೇಪರೊಳಗೆ ಒಂದು ಅಧ್ಯಾಯ ಮಾಡಿ ತೂರಿಸಿಬಿಡೋಣ ಅಂತಿದ್ದಾರೆ ಹೆಡ್ ಸಾರ್. ವಿದ್ಯಾರ್ಥಿಗಳ ಕಡೆಯಿಂದ ಒಳಗೆ ಬಂದು ಮಾತಾಡೋ ಹಕ್ಕು ಪ್ರತಿನಿಧಿ ಒಬ್ಬರಿಗೇ ಇರೋದು. ನೀನು ಬಂದು ಹೆಡ್ ಸಾರ್‌ಗೆ ನೀರು ಕುಡಿಸ್ತೀಯ ಅಂತ ನಾನು ಕಾಯ್ತಾ ಕೂತಿದ್ರೆ, ನೀವು ಇವನನ್ನ ಕಳಿಸ್ತಿದ್ದೀರಿ. ಇಷ್ಟು ದಿನದಲ್ಲಿ ಇವನು ಕ್ಲಾಸಲ್ಲಿ ಎಷ್ಟು ಸಲ ಬಾಯಿ ತೆಗೆದಿದ್ದಾನೆ?

ಉದ್ದಣ್ಣ: ಎರಡು ಸಲ ಮೇಡಂ.

ಲಾಯರಮ್ಮ: ಒಂದು ಸಲ ‘ಕಿಟಕಿ ಮುಚ್ಚಲಾ’ ಅಂದ. ಇನ್ನೊಂದು ಸಲ ‘ತೆಗೀಲಾ’ ಅಂದ.

ಮೇಡಂ: ನೋಡು! ಅಲ್ಲಪ್ಪಾ, ಮಾತಾಡೋಕೆ ಇಷ್ಟ ಇಲ್ಲದವನು ಇಷ್ಟೊಂದು ಜಗಳದ ಪೇಪರನ್ನ ಯಾಕೆ ತಗೊಂಡೆ ನೀನು?

ಉದ್ದಣ್ಣ: ಹೇಳಿದ್ರೆ ಬೈತೀರಿ.

ಮೇಡಂ: ಹೇಳದಿದ್ರೂ ಬೈತೀನಿ.

ಉದ್ದಣ್ಣ: ವ್ಯಾಕರಣ ಅಂದ್ಕೊಂಡೆ ಮೇಡಂ.

ಮೇಡಂ: ಏನಂದೆ?

ಉದ್ದಣ್ಣ: ನೋಟಿಸ್ ಬೋರ್ಡಲ್ಲಿ ‘ಲಿಂಗ’ ಅಂತ ಕಾಣಿಸ್ತು. ಹೈಸ್ಕೂಲಲ್ಲಿ ಲಿಂಗ, ವಚನ, ವಿಭಕ್ತಿ ಓದಿದ್ದೆ. ಅದರಲ್ಲಿ ಮಾತ್ರ ನಂಗೆ ಒಳ್ಳೆ ಮಾರ್ಕ್ಸ್ ಬಂದಿತ್ತು.

ಮೇಡಂ: ಪಕ್ಕದಲ್ಲೇ ‘ರಾಜಕಾರಣ’ ಅಂತಾನೂ ಬರೆದಿತ್ತಲ್ಲೋ!

ಉದ್ದಣ್ಣ: ಅದು ಉದಾಹರಣೆ ಅಂದ್ಕೊಂಡೆ. ರಾಜ ಪುಲ್ಲಿಂಗ, ರಾಣಿ ಸ್ತ್ರೀಲಿಂಗ, ರಾಜಕಾರಣ ನಪುಂಸಕಲಿಂಗ.

ಲಾಯರಮ್ಮ: ಮೇಡಂ, ನೀವು ಮೊದಲನೇ ದಿನ ಬೋರ್ಡ್ ಮೇಲೆ ಬರೆದ ಪ್ರಶ್ನೆ ಇದೇ ಅಲ್ವಾ? ರಾಜಕಾರಣಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ ಅಂತ ಯಾರು ಹೇಳಿದ್ದು ಅಂತ?

ಉದ್ದಣ್ಣ: ಹೌದು. ಆವತ್ತೇ ಗೊತ್ತಾಯ್ತು ತಪ್ಪು ರೂಮಿಗೆ ಬಂದಿದ್ದೀನಿ ಅಂತ.

ಮೇಡಂ: ಮತ್ತೆ ಎದ್ದು ಹೋಗ್ಬೋದಿತ್ತಲ್ಲ?

ಉದ್ದಣ್ಣ: ಹೋಗೋಣ ಅಂತ ಏಳೋಕೆ ನೋಡಿದೆ. ನೀವು ಆಗ ನಮ್ಮಮ್ಮನ ವಿಷಯ ಹೇಳ್ತಿದ್ರಿ.

ಮೇಡಂ: ನಿಮ್ಮಮ್ಮನ್ನ ನಾನು ನೋಡೇ ಇಲ್ವಲ್ಲೋ.

ಉದ್ದಣ್ಣ: ಹೆಸರು ಹೇಳಿರ್ಲಿಲ್ಲ. ಮನೇಲಿ ಎಲ್ಲಾ ತೀರ್ಮಾನ ಅವರೇ ಮಾಡಿ, ಆಮೇಲೆ ‘ನಿಮ್ಮಪ್ಪ ಏನಂತಾರೋ ಕೇಳು’ ಅಂತಾರೆ ಅಂದ್ರಿ. ಇದು ನಮ್ಮನೆ ಕಥೆ, ಮುಂದೇನಾಗುತ್ತೋ ನೋಡೋಣ ಅಂತ ಕೂತೆ. ಇನ್ನೂ ಕೂತಿದ್ದೀನಿ.

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ನೋಡಿ ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮೇಡಂ: ಒಳ್ಳೆಯವನೇ ನೀನು. ನನ್ನ ಜಗಳ ನಿನ್ನ ಮೇಲಲ್ಲ. ಏನಮ್ಮಾ ಲಾಯರಮ್ಮಾ, ಇವನನ್ನ ಆರಿಸಿದ್ದು ಯಾಕೆ? ನಿಜವಾದ ಕಾರಣ ಹೇಳು.

ಲಾಯರಮ್ಮ: ಉದ್ದ ಇದ್ದಾನೆ. ಪ್ರೊಜೆಕ್ಟರ್ ಸ್ವಿಚ್ ಇವನಿಗೆ ಮಾತ್ರ ಎಟುಕೋದು. ನಾವು ಡೆಸ್ಕ್ ಹತ್ತಬೇಕು.

ಮೇಡಂ: ಪ್ರಜಾಪ್ರಭುತ್ವ ಅಂದ್ರೆ ಸ್ವಿಚ್ ಎಟುಕೋದಲ್ಲ. ಇನ್ನೊಂದು ಕಾರಣ ಹೇಳು.

ಲಾಯರಮ್ಮ: ಆಫೀಸಿನ ಗುಮಾಸ್ತರು. ನಾವು ರೂಮಿನ ಕೀಲಿ ಕೇಳೋಕೆ ಹೋದ್ರೆ ‘ಯಾರಾದ್ರೂ ಜವಾಬ್ದಾರಿ ಇರೋರನ್ನ ಕಳಿಸಮ್ಮ’ ಅಂತಾರೆ. ಇವನು ಹೋಗಿ ಸುಮ್ನೆ ನಿಂತ್ರೆ ಕೀಲಿ ಕೊಡ್ತಾರೆ.

ಉದ್ದಣ್ಣ: ಹೋದ ವಾರ ಎರಡು ಕೀಲಿ ಕೊಟ್ರು ಮೇಡಂ. ಇನ್ನೊಂದು ಯಾವ ರೂಮಿನದ್ದೋ ಗೊತ್ತಿಲ್ಲ. ಕೇಳೋಕೆ ಸಂಕೋಚ ಆಯ್ತು.

ಮೇಡಂ: ಆಮೇಲೆ?

ಲಾಯರಮ್ಮ: ಆಮೇಲೆ ಆ ಕೆಮ್ಮು ಮೇಡಂ.

ಮೇಡಂ: ಯಾವ ಕೆಮ್ಮು?

ಲಾಯರಮ್ಮ: ಲೈಬ್ರರಿ ಸಂಜೆ ಹೊತ್ತೂ ತೆಗೆದಿರ್ಲಿ ಅಂತ ಕೇಳೋಕೆ ನಾವೆಲ್ಲ ಹೆಡ್ ಸಾರ್ ಹತ್ರ ಹೋಗಿದ್ವಿ. ನಾನು ಕಾರಣ ಹೇಳಿದೆ, ಅವಳು ಹೇಳಿದ್ಲು, ಇವಳು ಹೇಳಿದ್ಲು. ಸಾರ್ ‘ನೋಡೋಣಮ್ಮ, ನೋಡೋಣಮ್ಮ’ ಅಂತ ಪೆನ್ನು ತಿರುಗಿಸ್ತಾ ಕೂತಿದ್ರು. ಹಿಂದೆ ನಿಂತಿದ್ದ ಇವನು ಒಂದು ಸಲ ಕೆಮ್ಮಿದ. ಸಾರ್ ತಲೆ ಎತ್ತಿ ನೋಡಿ, ‘ಹ್ಞಾ, ಒಳ್ಳೆ ಸಲಹೆ ಕಣಯ್ಯಾ’ ಅಂದ್ರು. ಮಾರನೇ ದಿನದಿಂದ ಲೈಬ್ರರಿ ಎಂಟು ಗಂಟೆ ತನಕ.

ಉದ್ದಣ್ಣ: ಧೂಳಿತ್ತು ಮೇಡಂ ಅಲ್ಲಿ.

ಲಾಯರಮ್ಮ: ನಾವು ಆವತ್ತೇ ತೀರ್ಮಾನ ಮಾಡಿದ್ವಿ. ಇಷ್ಟೊಂದು ಶಕ್ತಿ ಇರೋ ಕೆಮ್ಮನ್ನ ವ್ಯರ್ಥ ಮಾಡಬಾರದು. ಇವನು ನಮ್ಮ ನಾಯಕ ಅಲ್ಲ ಮೇಡಂ, ನಮ್ಮ ಮೈಕು. ಮಾತು ನಮ್ಮದು. ಮೈಕನ್ನ ಯಾರಾದ್ರೂ ನಾಯಕ ಅಂತಾರಾ?

ಉದ್ದಣ್ಣ: ಮೈಕ್ ಇಲ್ಲೇ ನಿಂತಿದೆ ಕಣೇ. ಕೇಳಿಸ್ತಿದೆ.

ಮೇಡಂ: ಅಯ್ಯೋ ದಡ್ಡಿ! ಹೆಂಗಸರ ಮಾತು ಗಂಡಸಿನ ಬಾಯಿಂದ ಬಂದ್ರೇನೇ ಕೇಳಿಸೋದು ಅನ್ನೋದು ರೋಗ. ಆ ರೋಗದ ಬಗ್ಗೆ ಪಾಠ ಮಾಡಿದ್ರೆ ನೀವು ಅದನ್ನೇ ಔಷಧಿ ಮಾಡ್ಕೊಂಡ್ರಾ?

ಲಾಯರಮ್ಮ: ಪಾಠ ಚೆನ್ನಾಗಿತ್ತು ಮೇಡಂ. ಹೇಗೆ ಕೆಲಸ ಮಾಡುತ್ತೆ ಅಂತ ಪೂರ್ತಿ ಅರ್ಥ ಆಯ್ತು.

ಮೇಡಂ: ಇದೆಲ್ಲ ಮಾತಿನ ಚಾಲಾಕಿ. ನಾನು ನಿನ್ನನ್ನ ನೋಡ್ತಾನೇ ಇದ್ದೀನಿ. ನೀನು ಕಣ್ಣು ತಪ್ಪಿಸ್ತಿದ್ದೀಯ. ನೀನೇ ಯಾಕೆ ನಿಲ್ಲಲಿಲ್ಲ? ಅದನ್ನ ಹೇಳು.

ಲಾಯರಮ್ಮ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು.

ಲಾಯರಮ್ಮ: ಬೇಡ ಅನ್ನಿಸ್ತು ಮೇಡಂ. ಪ್ರತಿನಿಧಿ ಅಂದ್ರೆ ಏನು? ಕೀಲಿ ತರೋದು, ಅಸೈನ್‌ಮೆಂಟ್ ಒಟ್ಟು ಮಾಡೋದು, ಕ್ಲಾಸ್ ಇಲ್ಲ ಅಂದ್ರೆ ಎಲ್ರಿಗೂ ಫೋನ್ ಮಾಡೋದು. ನೀವೂ ಬೈತೀರಿ, ಅವರೂ ಬೈತಾರೆ. ನಾನು ಕ್ಲಾಸ್ ಮುಗಿಸಿ ಟ್ಯೂಷನ್ ಹೇಳ್ಕೊಡೋಕೆ ಓಡ್ಬೇಕು. ಮನೆಗೆ ಹೋದ್ರೆ ತಮ್ಮನ ಹೋಂವರ್ಕ್, ಅಜ್ಜಿ ಕಾಲಿಗೆ ಎಣ್ಣೆ. ಉಳಿದವರದ್ದೂ ಇದೇ ಕಥೆ. ಒಬ್ಬೊಬ್ಬರೂ ‘ನೀನಾಗು, ನೀನಾಗು’ ಅಂದ್ವಿ. ಯಾರಿಗೂ ಪುರುಸೊತ್ತಿಲ್ಲ. ಅಷ್ಟರಲ್ಲಿ ಕಿಟಕೀಲಿ ಇವನು ಬನ್ ಹಿಡ್ಕೊಂಡು ಬರೋದು ಕಾಣಿಸ್ತು.

ಉದ್ದಣ್ಣ: ಹಾಗಾದ್ರೆ ಕೆಮ್ಮು ಕಾರಣ ಅಲ್ವಾ?

ಲಾಯರಮ್ಮ: ಕೆಮ್ಮು ಆಮೇಲೆ ಹೊಳೆದಿದ್ದು.

ಮೇಡಂ: ಇದು! ಇದೇ ನಾನು ಹೇಳೋದು! ಹೆಂಗಸರೆಲ್ಲ ‘ನಂಗೆ ಪುರುಸೊತ್ತಿಲ್ಲ’ ಅಂತ ಹಿಂದೆ ಸರಿದ್ರೆ ಮುಂದೆ ಯಾರು ಉಳೀತಾರೆ? ಪುರುಸೊತ್ತು ಯಾರೂ ತಟ್ಟೇಲಿಟ್ಟು ಕೊಡಲ್ಲ. ಕಿತ್ಕೋಬೇಕು! ಹೊರೆ ಅಂತ ಬಿಟ್ಟಿದ್ದೇ ಆಮೇಲೆ ಅಧಿಕಾರ ಆಗಿ ನಿಮ್ಮ ತಲೆ ಮೇಲೆ ಕೂರುತ್ತೆ!

ಲಾಯರಮ್ಮ: ಮೇಡಂ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು.

ಮೇಡಂ: ನೀನು ಹಾಗಂದ್ರೆ ಬೇಜಾರಾಗೋ ಮಾತೇ. ಕೇಳು.

ಲಾಯರಮ್ಮ: ನಮ್ಮ ವಿಭಾಗದಲ್ಲಿ ಪಾಠ ಮಾಡೋರು ನೀವು ನಾಲ್ಕು ಜನ ಮೇಡಂಗಳು, ಒಬ್ಬರು ಸಾರ್. ಹೆಡ್ ಯಾರು?

ಮೇಡಂ: ಅದು ಬೇರೆ ವಿಷಯ.

ಲಾಯರಮ್ಮ: ಸರದಿ ಪ್ರಕಾರ ಬರೋದಂತೆ ಅಲ್ವಾ? ನಿಮ್ಮ ಸರದಿ ಬರ್ಲೇ ಇಲ್ವಾ?

ಮೇಡಂ: ಬಂತು. ಬರ್ಲಿಲ್ಲ ಅಂತಲ್ಲ. ನಾನೇ ಬೇಡ ಅಂದೆ. ಹೆಡ್ ಅಂದ್ರೆ ಏನು ಅಂದ್ಕೊಂಡಿದ್ದೀಯ? ಬೆಳಗಿಂದ ಸಂಜೆ ತನಕ ಸಹಿ. ನಲ್ಲಿ ಸೋರಿದ್ರೆ ಹೆಡ್ಡು, ಫ್ಯಾನ್ ಕೆಟ್ರೆ ಹೆಡ್ಡು. ಮೇಲಿನವರೂ ಬೈತಾರೆ, ಕೆಳಗಿನವರೂ ಬೈತಾರೆ. ಹೆಡ್‌ಗಳ ಸಭೆ ಎಲ್ಲ ಸಂಜೆ ಹೊತ್ತಲ್ಲೇ ಇಡ್ತಾರೆ. ಅದು ನಮ್ಮತ್ತೆಗೆ ಔಷಧಿ ಕೊಡೋ ಸಮಯ. ಮಗಳ ಪರೀಕ್ಷೆ ಬೇರೆ. ಉಳಿದ ಮೂವರಿಗೂ ಹಾಗೇ ಏನೇನೋ. ‘ನೀವಾಗಿ, ನೀವಾಗಿ’ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡ್ವಿ. ಯಾರಿಗೂ ಪುರು...

ಮೇಡಂ ಅಲ್ಲಿಗೇ ನಿಲ್ಲಿಸಿದರು. ಆ ಪದದ ಉಳಿದರ್ಧ ಕೋಣೆಯಲ್ಲಿ ಸುಮ್ಮನೆ ತೇಲಿತು. ಉದ್ದಣ್ಣ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಮೇಡಂ: ಅದೂ ಅಲ್ಲದೆ ಆಗ ನಾನು ಪುಸ್ತಕ ಬರೀತಿದ್ದೆ.

ಲಾಯರಮ್ಮ: ಯಾವ ಪುಸ್ತಕ ಮೇಡಂ?

ಮೇಡಂ: ಅಧಿಕಾರದಿಂದ ಹೆಂಗಸರು ದೂರ ಉಳಿಯೋದು ಯಾಕೆ ಅನ್ನೋದರ ಬಗ್ಗೆ.

ಯಾರೂ ನಗಲಿಲ್ಲ. ನಗದೇ ಇರಲು ಲಾಯರಮ್ಮ ತುಟಿ ಕಚ್ಚಿಕೊಂಡಿದ್ದಳು.

ಲಾಯರಮ್ಮ: ಸಾರ್ ಆಯ್ಕೆಗೆ ವೋಟು ಎಷ್ಟು ಬಂದಿತ್ತು ಮೇಡಂ?

ಮೇಡಂ: ವೋಟಿನ ತನಕ ಹೋಗ್ಲಿಲ್ಲ.

ಲಾಯರಮ್ಮ: ಅಂದ್ರೆ...

ಮೇಡಂ: ಅವಿರೋಧ ಕಣೇ, ಅವಿರೋಧ! ಮೂರು ಸಲ! ಸಾಕಾ? ಇವತ್ತಿನ ಸಭೇಲಿ ನಾಲ್ಕನೇ ಸಲಕ್ಕೆ ಮತ್ತೆ ಆಯ್ಕೆ ಇದೆ. ಹೋಗಿ, ಹೋಗಿ ಇಬ್ಬರೂ. ಏನಪ್ಪಾ, ಮೂರು ಗಂಟೆಗೆ ಸಭೆಗೆ ಬಾ. ಬಂದು ದಯವಿಟ್ಟು ಕೆಮ್ಮಬೇಡ.

ಮೂರು ಗಂಟೆಗೆ ಹೆಡ್ ಸಾರ್ ಕೋಣೆಯಲ್ಲಿ ಸಭೆ ಸೇರಿತು. ಹೆಡ್ ಸಾರ್ ಕೆಟ್ಟವರಲ್ಲ. ಮೆಲುದನಿಯವರು, ಯಾರಿಗೂ ಗದರಿದವರಲ್ಲ. ಸೊಂಟದಲ್ಲಿ ತೂಗುವ ದೊಡ್ಡ ಕೀಲಿಗೊಂಚಲಿನಿಂದಾಗಿ ಒಂದು ಕಡೆಗೆ ವಾಲಿಕೊಂಡು ನಡೆಯುತ್ತಿದ್ದರು. ಉಳಿದ ಮೂವರು ಮೇಡಂಗಳು ಉತ್ತರಪತ್ರಿಕೆಗಳ ಕಟ್ಟು ತಂದುಕೊಂಡು, ಒಂದು ಕಿವಿಯನ್ನು ಸಭೆಗೆ ಕೊಟ್ಟು ಮಾರ್ಕ್ಸ್ ಹಾಕುತ್ತ ಕೂತಿದ್ದರು. ಬಾಗಿಲ ಹೊರಗೆ ಲಾಯರಮ್ಮ ನಿಂತಿದ್ದಳು. ಟ್ಯೂಷನ್ನಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿ ಆಗಿತ್ತು.

ಹೆಡ್ ಸಾರ್: ಬಾಪ್ಪಾ ಪ್ರತಿನಿಧಿ, ಕೂತ್ಕೋ. ನಿನ್ನನ್ನ ಆರಿಸಿದ್ದು ಕೇಳಿ ಸಂತೋಷ ಆಯ್ತು. ಸಮಾಧಾನವಾಗಿ ಮಾತಾಡೋ ಹುಡುಗ. ಈಗ ವಿಷಯ ಏನಪ್ಪಾ ಅಂದ್ರೆ, ಈ ‘ಲಿಂಗತ್ವ’ ಪೇಪರ್. ವಿಷಯ ಒಳ್ಳೇದೇ. ಆದರೆ ಬೇರೆ ಪೇಪರ್ ಬೇಕಾ? ದೊಡ್ಡ ಪೇಪರಲ್ಲಿ ಕೊನೇ ಅಧ್ಯಾಯ ಮಾಡಿದ್ರೆ ಆಗಲ್ವಾ? ವಿದ್ಯಾರ್ಥಿಗಳ ಅಭಿಪ್ರಾಯ ಏನು?

ಉದ್ದಣ್ಣ ಎದ್ದು ನಿಂತ. ಬೆಳಗಿನಿಂದ ಲಾಯರಮ್ಮ ಹೇಳಿಕೊಟ್ಟಿದ್ದ ವಾದಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಅಲ್ಲೇ ಸಿಕ್ಕಿಕೊಂಡವು. ಅವನು ಕೆಮ್ಮಿದ.

ಹೆಡ್ ಸಾರ್: ಸರಿ ಹಾಗಾದ್ರೆ. ವಿದ್ಯಾರ್ಥಿಗಳ ಒಪ್ಪಿಗೆ ಇದೆ ಅಂತ ಬರ್ಕೊಳ್ಳೋಣ.

ಮೇಡಂ: ಸಾರ್, ಅವನು ಕೆಮ್ಮಿದ್ದು!

ಹೆಡ್ ಸಾರ್: ಒಪ್ಪಿಕೊಂಡು ಕೆಮ್ಮಿದ ಹಾಗಿತ್ತು.

ಉದ್ದಣ್ಣ: ಇಲ್ಲ ಸಾರ್. ಅದು ಬರೀ ಕೆಮ್ಮು.

ಹೆಡ್ ಸಾರ್: ಹೌದಾ? ಮತ್ತೆ ಅಭಿಪ್ರಾಯ ಏನಪ್ಪಾ? ನೋಡು, ನ್ಯಾಯವಾಗಿ ಯೋಚನೆ ಮಾಡು. ಹೆಂಗಸರ ರಾಜಕಾರಣಕ್ಕೇ ಅಂತ ಒಂದು ಬೇರೆ ಪೇಪರ್ ಇದೆ. ಗಂಡಸರ ರಾಜಕಾರಣಕ್ಕೇ ಅಂತ ಬೇರೆ ಪೇಪರ್ ಇದ್ಯಾ?

ಉದ್ದಣ್ಣ: ಇದೆಯಲ್ಲ ಸಾರ್. ಉಳಿದದ್ದೆಲ್ಲ ಅದೇ.

ಮೂವರು ಮೇಡಂಗಳ ಪೆನ್ನುಗಳು ಒಮ್ಮೆಲೇ ನಿಂತವು. ಹೆಡ್ ಸಾರ್ ಎರಡು ಕ್ಷಣ ಯೋಚಿಸಿ, ಮೇಜು ತಟ್ಟಿ ನಕ್ಕರು.

ಹೆಡ್ ಸಾರ್: ಭಲೇ! ಎಂಥಾ ಮಾತು ಹೇಳಿದೆಯಯ್ಯಾ! ಈ ದೃಷ್ಟಿಯಿಂದ ನಾನು ಯೋಚನೇನೇ ಮಾಡಿರ್ಲಿಲ್ಲ.

ಮೇಡಂ: ಹೋದ ಸಭೇಲಿ ನಾನು ಇದೇ ಮಾತು ಹೇಳಿದ್ದೆ ಸಾರ್.

ಹೆಡ್ ಸಾರ್: ಹೇಳಿದ್ರಾ? ಯಾವಾಗ?

ಮೇಡಂ: ನೀವು ‘ನೋಡೋಣ ಮೇಡಂ’ ಅಂದ್ರಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ.

ಉದ್ದಣ್ಣ: ಹೌದು ಸಾರ್, ಇದು ನನ್ನ ಮಾತಲ್ಲ. ಮೇಡಂ ಕ್ಲಾಸಲ್ಲಿ ಹೇಳಿದ್ದು. ನಾನು ನೆನಪಿಟ್ಕೊಂಡೆ ಅಷ್ಟೆ. ಲೈಬ್ರರಿ ವಿಷಯಾನೂ ನನ್ನದಲ್ಲ. ಅವತ್ತು ಮಾತಾಡಿದವರು ಹುಡುಗೀರು. ನೀವು ನನ್ನ ಕಡೆ ನೋಡ್ಕೊಂಡು ಅವರಿಗೆ ಉತ್ತರ ಹೇಳಿದ್ರಿ. ನಂಗೆ ಆಗ್ಲೇ ಹೇಳ್ಬೇಕು ಅನ್ನಿಸ್ತು. ಹೇಳ್ಲಿಲ್ಲ. ಪೇಪರ್ ಬೇಕೋ ಬೇಡ್ವೋ ಅಂತ ಸರಿಯಾಗಿ ಹೇಳೋಳು ಹೊರಗೆ ನಿಂತಿದ್ದಾಳೆ. ಅವಳನ್ನ ಕೇಳಿ.

ಇಷ್ಟು ಹೇಳಿ ಅವನು ಉದ್ದ ಕೈ ಚಾಚಿ ಬಾಗಿಲು ಎಳೆದ. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಲಾಯರಮ್ಮ ನೇರವಾಗಿ ಸಭೆಯೊಳಗೆ ಬಂದು ಬಿದ್ದಳು.

ಹೆಡ್ ಸಾರ್: ಅರೆ! ಏಳಮ್ಮ, ಏಳು. ಏಟಾಯ್ತಾ? ಆದರೆ ನಿಯಮದ ಪ್ರಕಾರ ಪ್ರತಿನಿಧಿ ಒಬ್ಬರೇ...

ಲಾಯರಮ್ಮ: ನಾನು ಸಭೆಗೆ ಬಂದಿಲ್ಲ ಸಾರ್. ಬಿದ್ದಿದ್ದೀನಿ. ಬಿದ್ದವರು ಮಾತಾಡಬಾರದು ಅಂತ ನಿಯಮ ಇದ್ಯಾ?

ಹೆಡ್ ಸಾರ್: ಇರಲಾರದು. ಆದರೂ ಇದನ್ನ ಸ್ವಲ್ಪ ಹೊತ್ತು ಬದಿಗಿಡೋಣ. ಎರಡನೇ ವಿಷಯ ತಗೊಳ್ಳೋಣ. ಹೊಸ ಹೆಡ್ ಆಯ್ಕೆ. ಪೇಪರ್ ವಿಷಯ ಅವರೇ ತೀರ್ಮಾನ ಮಾಡ್ಲಿ. ನಾನು ಪ್ರತಿ ಸಲದ ಹಾಗೆ ಹೇಳ್ತೀನಿ: ಬೇರೆ ಯಾರಾದ್ರೂ ತಗೊಳ್ಳೋದಾದ್ರೆ ನನಗೆ ತುಂಬ ಸಂತೋಷ.

ಮೂವರು ಮೇಡಂಗಳಲ್ಲಿ ಒಬ್ಬರು ತಲೆ ಎತ್ತದೆ ‘ನೀವೇ ಇರಿ ಸಾರ್’ ಎಂದರು. ಇನ್ನಿಬ್ಬರು ಅಭ್ಯಾಸಬಲದಿಂದ ಕೈ ಎತ್ತತೊಡಗಿದರು. ಮೇಡಂಗೆ ಅತ್ತೆಯ ಔಷಧಿ ನೆನಪಾಯಿತು, ಮಗಳ ಪರೀಕ್ಷೆ ನೆನಪಾಯಿತು, ಸೋರುವ ನಲ್ಲಿಗಳೆಲ್ಲ ಒಟ್ಟಿಗೆ ಕಿವಿಯಲ್ಲಿ ತೊಟ್ಟಿಕ್ಕಿದವು. ನೆಲದಿಂದ ಎದ್ದು ಮಂಡಿ ಉಜ್ಜಿಕೊಳ್ಳುತ್ತಿದ್ದ ಲಾಯರಮ್ಮ ಅವರನ್ನೇ ನೋಡುತ್ತಿದ್ದಳು.

ಮೇಡಂ: ನಾನು ತಗೋತೀನಿ ಸಾರ್.

ಹೆಡ್ ಸಾರ್: ಏನನ್ನ? ಟೀ ತಗೋತೀರಾ?

ಮೇಡಂ: ಹೆಡ್ ಸ್ಥಾನ.

ಹೆಡ್ ಸಾರ್ ಮುಖದ ಬಣ್ಣ ಬದಲಾಯಿತು. ಅವರು ಕುರ್ಚಿಯ ಕೈಗಳನ್ನು ಹಿಡಿದುಕೊಂಡು ನಿಧಾನವಾಗಿ ಎದ್ದರು.

ಹೆಡ್ ಸಾರ್: ತಮಾಷೆ ಮಾಡ್ತಿಲ್ಲ ತಾನೇ?

ಮೇಡಂ: ಯಾಕೆ ಸಾರ್? ಹೆಂಗಸು ಹೆಡ್ ಆಗ್ತೀನಿ ಅಂದ್ರೆ ತಮಾಷೆ ಅನ್ನಿಸುತ್ತಾ ನಿಮಗೆ?

ಹೆಡ್ ಸಾರ್: ಅಯ್ಯೋ, ಆಗಿ ಮೇಡಂ! ಇವತ್ತೇ ಆಗಿ! ಈ ನಿಮಿಷವೇ ಆಗಿ! ಪ್ರತಿ ಸಲ ಬೇಡ್ಕೋತೀನಿ, ಯಾರಾದ್ರೂ ತಗೊಳ್ಳಿ ಅಂತ. ನೀವು ನಾಲ್ಕೂ ಜನ ‘ನೀವೇ ಇರಿ ಸಾರ್’ ಅಂತೀರಿ!

ಮೇಡಂ: ನೀವು ಸೌಜನ್ಯಕ್ಕೆ ಹೇಳ್ತೀರಿ ಅಂದ್ಕೊಂಡಿದ್ವಿ.

ಹೆಡ್ ಸಾರ್: ನಾನು ಕಣ್ಣಲ್ಲಿ ನೀರಿಟ್ಕೊಂಡು ಹೇಳ್ತಿದ್ದೆ! ಮನೇಲಿ ನನ್ನ ಹೆಂಡತಿ ಕೇಳ್ತಾಳೆ, ‘ನಿಮ್ಮ ವಿಭಾಗದಲ್ಲಿ ಬೇರೆ ಯಾರೂ ಇಲ್ವಾ’ ಅಂತ. ‘ನಾಲ್ಕು ಜನ ಹೆಂಗಸರಿದ್ದಾರೆ, ಅಧಿಕಾರ ಅಂದ್ರೆ ಹೆದರ್ತಾರೆ’ ಅಂದೆ. ‘ಅದು ಹೆದರಿಕೆ ಅಲ್ಲ, ಜಾಣತನ’ ಅಂದ್ಲು.

ಮೇಡಂ: ಮತ್ತೆ ಪೇಪರ್?

ಹೆಡ್ ಸಾರ್: ಇಟ್ಕೊಳ್ಳಿ! ಬೇಕಾದ್ರೆ ಎರಡು ಮಾಡ್ಕೊಳ್ಳಿ. ಟೈಮ್‌ಟೇಬಲ್ ಹಾಕೋಕೆ ರೂಮು ಸಾಕಾಗ್ತಿರ್ಲಿಲ್ಲ, ಅದಕ್ಕೆ ಒಂದು ಪೇಪರ್ ತೆಗೆಯೋಣ ಅಂದಿದ್ದು.

ಮೇಡಂ: ರೂಮಿಲ್ಲ ಅಂತಾನಾ? ನಾನು ಇದರ ಹಿಂದೆ ಎಷ್ಟು ದೊಡ್ಡ ವ್ಯವಸ್ಥೆ ಇದೆ ಅಂತ ಮೂರು ರಾತ್ರಿ ಯೋಚನೆ ಮಾಡಿದೆ!

ಹೆಡ್ ಸಾರ್: ಎಲ್ಲಾದ್ರಲ್ಲೂ ವ್ಯವಸ್ಥೆ ಹುಡುಕ್ತೀರಿ ನೀವು. ರೂಮು ಮೇಡಂ, ಬರೀ ರೂಮು.

ಮೇಡಂ: ಸರಿ ಸಾರ್, ಬರೀ ರೂಮು. ಆದರೆ ರೂಮು ಕಮ್ಮಿ ಬಿದ್ದಾಗ ಯಾವ ಪೇಪರ್ ಹೊರಗೆ ಹಾಕೋಣ ಅಂತ ಯೋಚನೆ ಮಾಡಿದ್ರಲ್ಲ, ಮೊದಲು ಇದೇ ಯಾಕೆ ನೆನಪಾಯ್ತು?

ಹೆಡ್ ಸಾರ್ ಉದ್ದಣ್ಣನ ಕಡೆ ನೋಡಿದರು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

ಹೆಡ್ ಸಾರ್: ಒಳ್ಳೆ ಪ್ರಶ್ನೆ ಮೇಡಂ. ನಿಜವಾಗ್ಲೂ ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಯೋಚನೆ ಮಾಡೋಕೆ ಇನ್ನು ನಂಗೆ ಬೇಕಾದಷ್ಟು ಪುರುಸೊತ್ತಿದೆ.

ಹೀಗೆಂದು ಅವರು ಸೊಂಟದ ಕೀಲಿಗೊಂಚಲನ್ನು ಬಿಚ್ಚಿ ಮೇಡಂ ಕೈಗೆ ಹಾಕಿದರು. ಮೇಡಂ ಭುಜ ಆ ಕಡೆಗೆ ವಾಲಿತು. ಹೆಡ್ ಸಾರ್, ಈಗ ಬರೀ ಸಾರ್, ಬಹಳ ದಿನಗಳ ಮೇಲೆ ನೆಟ್ಟಗೆ ನಡೆಯುತ್ತ, ಮೇಡಂ ಮನಸ್ಸು ಬದಲಾಯಿಸುವ ಮೊದಲೇ ಮೆಟ್ಟಿಲಿಳಿದು ಹೋದರು. ಉಳಿದ ಮೂವರು ಮೇಡಂಗಳು ಅಭಿನಂದನೆ ಹೇಳಿದರು. ಅವರಲ್ಲಿ ಒಬ್ಬರು ಬಾಗಿಲ ಬಳಿ ನಿಂತು, ‘ನಮ್ಮ ರೂಮಿನ ಫ್ಯಾನ್ ಸದ್ದು ಮಾಡುತ್ತೆ, ನೋಡಿ’ ಎಂದರು.

ಹೊರಗಿನ ಕಾರಿಡಾರಿನಲ್ಲಿ ಮೇಡಂ, ಲಾಯರಮ್ಮ, ಉದ್ದಣ್ಣ ಮೂವರೇ ಉಳಿದರು.

ಉದ್ದಣ್ಣ: ಮೇಡಂ, ನಾನು ರಾಜೀನಾಮೆ ಕೊಡ್ತೀನಿ. ನಂಗೆ ಇವತ್ತು ಮಾತಾಡಿದ್ದೇ ಒಂದು ವರ್ಷಕ್ಕಾಗೋಷ್ಟಾಯ್ತು.

ಮೇಡಂ: ಯಾರಿಗೆ ಬಿಟ್ಟು ಕೊಡ್ತೀಯ?

ಉದ್ದಣ್ಣ ಲಾಯರಮ್ಮನ ಕಡೆ ನೋಡಿದ. ಲಾಯರಮ್ಮ ಮೇಡಂ ಕೈಯ ಕೀಲಿಗೊಂಚಲನ್ನು ನೋಡಿದಳು.

ಲಾಯರಮ್ಮ: ನೀವೇ ತಗೊಂಡ ಮೇಲೆ ನಾನು ಬೇಡ ಅನ್ನೋಕೆ ಯಾವ ಬಾಯಿ ಇದೆ ಮೇಡಂ? ಆಸೆ ಇಲ್ಲ ಅಂತಲ್ಲ. ನಂಗೆ ಅಲ್ಲಿ ಕೂತು ಮಾತಾಡ್ಬೇಕು ಅಂತ ಬೆಳಗಿಂದ ನಾಲಿಗೆ ತುರಿಸ್ತಾನೇ ಇದೆ. ಆದರೆ ಟ್ಯೂಷನ್ ಬಿಡೋಕಾಗಲ್ಲ. ಈ ಓಡಾಟ ಎಲ್ಲ ಯಾವಾಗ ಮಾಡ್ಲಿ?

ಉದ್ದಣ್ಣ: ಅದನ್ನ ನಾನು ಮಾಡ್ತೀನಿ ಕಣೇ. ರೂಮ್ ತೆಗೆಸೋದು, ಅಸೈನ್‌ಮೆಂಟ್ ಒಟ್ಟು ಮಾಡೋದು, ಯಾರಿಗೆ ಹುಷಾರಿಲ್ಲ, ಯಾರ ನೋಟ್ಸ್ ಯಾರ ಹತ್ರ ಇದೆ, ಯಾರು ಯಾರ ಮೇಲೆ ಮುನಿಸ್ಕೊಂಡಿದ್ದಾರೆ, ಎಲ್ಲ ನಾನು ನೋಡ್ಕೋತೀನಿ. ಸಭೇಲಿ ಕೂತು ಮಾತಾಡೋದು ನೀನು. ಹೆಸರೂ ನಿಂದೇ ಇರ್ಲಿ.

ಲಾಯರಮ್ಮ: ನಿಜವಾಗ್ಲೂ? ಹಾಗಾದ್ರೆ ನಿನ್ನನ್ನ ಏನಂತ ಕರೆಯೋದು? ಉಪಪ್ರತಿನಿಧಿ ಅಂತಲಾ? ಸಹಾಯಕ ಅಂತಲಾ?

ಮೇಡಂ: ಹಗಲೆಲ್ಲ ಕೆಲಸ ಇವನದ್ದು, ಮಾತು ನಿಂದು, ಹೆಸರು ನಿಂದು. ಇದಕ್ಕೆ ಹೊಸ ಹೆಸರು ಯಾಕೆ ಹುಡುಕ್ತೀಯಮ್ಮ? ಹಳೇದೇ ಇದೆಯಲ್ಲ. ಹೆಂಡತಿ.

ಲಾಯರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಉದ್ದಣ್ಣನ ಕಿವಿಗಳು ಕೆಂಪಾದವು. ಆದರೆ ಅವನು ಯಾವ ಮಾತನ್ನೂ ಅರ್ಧಂಬರ್ಧ ಕೇಳಿಸಿಕೊಳ್ಳುವವನಲ್ಲ. ಅದರ ಹಿಂದು ಮುಂದು ಯೋಚಿಸಿದ.

ಉದ್ದಣ್ಣ: ಆಗ್ಲಿ ಮೇಡಂ, ನಂಗೇನೂ ಅಭ್ಯಂತರ ಇಲ್ಲ. ಆದ್ರೆ ಇಷ್ಟೆಲ್ಲ ಓಡಾಡ್ತಾ ಇದ್ರೆ ಎಷ್ಟೋ ಕ್ಲಾಸ್ ತಪ್ಪಿ ಹೋಗುತ್ತೆ. ಈ ಕೆಲಸಕ್ಕೆ ಅಟೆಂಡೆನ್ಸ್ ಸಿಗುತ್ತಾ?

ಮೇಡಂ: ಇದುವರೆಗೆ ಯಾರಿಗೂ ಸಿಕ್ಕಿಲ್ಲಪ್ಪಾ.